ಬಿಟ್ಟಿ ನುಡಿಸಿದರೆ ತಪ್ಪೇನು?

ಬೇಸ್ ಗಿಟಾರ್ ಅಂದರೆ ಏನು ಅಂತ ನಮ್ಮಮ್ಮನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಊರಲ್ಲಿ ಯಾರಾದರೂ "ನಿಮ್ಮ ಹುಡುಗ ಏನೋ ಬಾರಿಸ್ತಾನಂತಲ್ಲಕ್ಕಾ" ಅಂತ ಕೇಳಿದರೆ "ಅದೇ ಕಣವ್ವ, ಉದ್ದ ಕತ್ತಿನ ಗಿಟಾರು, ಅದ್ರಲ್ಲಿ ಸದ್ದೇ ಬರಲ್ಲ" ಅಂತಾಳೆ. ಅವಳ ಮಟ್ಟಿಗೆ ಇದು ನೂರಕ್ಕೆ ನೂರು ನಿಜ. ಅವಳು ನನ್ನ ಕಾರ್ಯಕ್ರಮ ನೋಡಿರುವುದೆಲ್ಲ ವಾಟ್ಸಾಪಿನಲ್ಲಿ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸದ್ದನ್ನು ಹೊರಡಿಸುವ ತಾಕತ್ತು ಮೊಬೈಲಿನ ಪುಟಾಣಿ ಸ್ಪೀಕರಿಗೆ ಇಲ್ಲ. ವಿಡಿಯೋದಲ್ಲಿ ಡ್ರಮ್ಸ್ ಕೇಳುತ್ತೆ, ಹಾಡುವವಳು ಕೇಳುತ್ತಾಳೆ, ಮಗ ಮಾತ್ರ ಮೂಕನಾಗಿ ಬೆರಳಾಡಿಸುತ್ತಾ ನಿಂತಿರುತ್ತಾನೆ.

ವಾರಕ್ಕೆ ಐದು ದಿನ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಬ್ಯಾಕೆಂಡ್ ಕೋಡ್ ಬರೆಯುತ್ತೇನೆ. ತಿಂಗಳಿಗೆ ಮೂರೋ ನಾಲ್ಕೋ ರಾತ್ರಿ ಬೇಸ್ ನುಡಿಸುತ್ತೇನೆ. ಎರಡೂ ಒಂದೇ ಜಾತಿಯ ಕೆಲಸ ಅನ್ನಬಹುದು. ಸರಿಯಾಗಿ ನಡೆಯುತ್ತಿದ್ದರೆ ಯಾರಿಗೂ ಗೊತ್ತಾಗಲ್ಲ, ಕೈಕೊಟ್ಟ ತಕ್ಷಣ ಎಲ್ಲರೂ ತಿರುಗಿ ನೋಡ್ತಾರೆ. ಆದರೆ ಒಂದು ವ್ಯತ್ಯಾಸ ಇದೆ. ಕೋಡ್ ಬರೆಯದಿದ್ದರೆ ನನ್ನ ಮನೆ ಬಾಡಿಗೆ ಕಟ್ಟೋಕಾಗಲ್ಲ. ಬೇಸ್ ನುಡಿಸದಿದ್ದರೆ ನನ್ನ ಬದುಕಲ್ಲಿ ಖುಷಿ ಒಂದು ಕಡಿಮೆಯಾಗುತ್ತದೆ ಅಷ್ಟೆ, ಅಕ್ಕಿ-ಬೇಳೆ ಕಡಿಮೆಯಾಗಲ್ಲ. ನಾನು ಈ ಬರಹದಲ್ಲಿ ಯೋಚಿಸಬೇಕು ಅಂದುಕೊಂಡಿರುವ ಸಮಸ್ಯೆ ಹುಟ್ಟುವುದೇ ಇಲ್ಲಿಂದ.

ಪಾರ್ಟ್‌ಟೈಮ್ ಬ್ಯಾಂಡ್ ಕಟ್ಟಿದ ಯಾರಿಗಾದರೂ ಈ ಫೋನು ಬಂದೇ ಬರುತ್ತದೆ. ಹೊಸದಾಗಿ ಶುರುವಾದ ಒಂದು ರೆಸ್ಟೋಬಾರು. ಮ್ಯಾನೇಜರ್ ತುಂಬ ನಯವಾಗಿ ಮಾತಾಡ್ತಾರೆ. "ಸರ್, ಶುಕ್ರವಾರ ರಾತ್ರಿ ಎಂಟೂವರೆಯಿಂದ ಹನ್ನೊಂದು. ಸದ್ಯಕ್ಕೆ ಪೇಮೆಂಟ್ ಬಜೆಟ್ ಇಲ್ಲ. ಊಟ, ಡ್ರಿಂಕ್ಸ್ ನಮ್ಮದು. ನಿಮಗೂ ಒಳ್ಳೆ ಎಕ್ಸ್‌ಪೋಷರ್ ಸಿಗತ್ತೆ." ನಮ್ಮ ಬ್ಯಾಂಡಿನಲ್ಲಿ ಐದು ಜನ. ಮೂವರು ಐಟಿ, ಒಬ್ಬಳು ಬ್ಯಾಂಕು, ಇನ್ನೊಬ್ಬ ಡೆಂಟಿಸ್ಟು. ನಮ್ಮ ಡ್ರಮ್ಮರ್ ತಕ್ಷಣ ಹೇಳಿದ: "ಮಗಾ, ನಮಗೆ ದುಡ್ಡು ಬೇಕಾಗಿಲ್ಲ ಅಲ್ವಾ? ಸ್ಟೇಜ್ ಸಿಕ್ತಿದೆ. ನಮ್ಮ ಖುಷಿಗೆ ನಾವು ನುಡಿಸ್ತೀವಿ. ಅದರಲ್ಲಿ ತಪ್ಪೇನು?"

ಪ್ರಶ್ನೆ ನ್ಯಾಯವಾಗೇ ಇದೆ. ಲೆಕ್ಕ ಹಾಕಿದರೆ ನಾವು ದುಡ್ಡಿಗೋಸ್ಕರ ನುಡಿಸ್ತೀವಿ ಅನ್ನೋದೇ ತಮಾಷೆ. ಒಂದು ರಾತ್ರಿಗೆ 20 ಸಾವಿರ ಬಂತು ಅಂದುಕೊಳ್ಳಿ, ತಲೆಗೆ 4 ಸಾವಿರ. ಆ ಕಾರ್ಯಕ್ರಮಕ್ಕೆ ಮೂರು ಸಲ ಪ್ರಾಕ್ಟೀಸು, ಗಂಟೆ ಲೆಕ್ಕದಲ್ಲಿ ಜ್ಯಾಮ್ ರೂಮಿನ ಬಾಡಿಗೆ, ಆಂಪ್ ಹೊತ್ತುಕೊಂಡು ಹೋಗಿ ಬರುವ ಕ್ಯಾಬು. ವರ್ಷಕ್ಕೆ ಎರಡು ಸಲ ತಂತಿ ಬದಲಿಸಬೇಕು. ಇದೆಲ್ಲ ಕಳೆದರೆ ಉಳಿಯುವುದರಲ್ಲಿ ನಾಲ್ಕು ಜನ ಮಸಾಲೆದೋಸೆ ತಿನ್ನಬಹುದು. ಹಾಗಿರುವಾಗ ಆ 4 ಸಾವಿರಕ್ಕೆ ಯಾಕೆ ಜಗ್ಗಾಡಬೇಕು?

ಯಾಕೆ ಅಂದರೆ ಅದೇ ಶುಕ್ರವಾರದ ಅದೇ ಜಾಗದಲ್ಲಿ ನಿಲ್ಲಬಹುದಾದ ಇನ್ನೊಬ್ಬ ಬೇಸ್ ವಾದಕ ನನಗೆ ಗೊತ್ತು.

ಅವರು ಆರ್ಕೆಸ್ಟ್ರಾದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾನು ಅಣ್ಣಾ ಅಂತೀನಿ. ಅವರು ನನ್ನನ್ನು ಸಾರ್ ಅಂತಾರೆ. ಎಷ್ಟು ಬೇಡ ಅಂದರೂ ಬಿಟ್ಟಿಲ್ಲ. ನಾವು ಗಿಗ್ ಅನ್ನುವುದನ್ನು ಅವರು ಪ್ರೋಗ್ರಾಂ ಅಂತಾರೆ. ಗಣೇಶನ ಹಬ್ಬದಿಂದ ಅವರ ಸುಗ್ಗಿ ಶುರು. ನವೆಂಬರ್ ಪೂರ್ತಿ ರಾಜ್ಯೋತ್ಸವ, ಬಡಾವಣೆಗೊಂದು ಸ್ಟೇಜು. ಆಮೇಲೆ ಮದುವೆ ರಿಸೆಪ್ಷನ್ನುಗಳು. ಆಷಾಢ ಬಂತೆಂದರೆ ಬರಗಾಲ. ಅಂಥ ತಿಂಗಳುಗಳಲ್ಲಿ ಅವರ ಮನೆ ನಡೆಯುವುದು ಇಂಥ ಪಬ್ಬು, ಹೋಟೆಲ್ಲುಗಳ ವಾರಾಂತ್ಯದಿಂದಲೇ. ಅದೂ ಈಚೆಗೆ ಕಷ್ಟ, ಯಾಕೆಂದರೆ ಖರ್ಚು ಕಡಿಮೆ ಮಾಡಬೇಕು ಅಂದಾಗ ಆರ್ಕೆಸ್ಟ್ರಾದವರು ಮೊದಲು ಬಿಡುವುದು ಬೇಸ್ ವಾದಕನನ್ನೇ. ಕೀಬೋರ್ಡಿನವನು ಎಡಗೈಯಲ್ಲಿ ಬೇಸ್ ನುಡಿಸಿಬಿಡ್ತಾನೆ. ಕೇಳುವವರಿಗೆ ಏನೋ ಕಡಿಮೆ ಅನ್ನಿಸುತ್ತೆ, ಏನು ಅಂತ ಗೊತ್ತಾಗಲ್ಲ.

ಅವರಿಗೆ ಮ್ಯಾನೇಜರ್ ಫೋನಿನ ವಿಷಯ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಟೀ ಲೋಟ ಕೆಳಗಿಟ್ಟು ಹೇಳಿದರು:

"ನೋಡಿ ಸಾರ್, ನೀವು ಫ್ರೆಂಡ್ ಮದುವೇಲಿ ಬಿಟ್ಟಿ ನುಡ್ಸಿ, ನಂದೇನೂ ತಕರಾರಿಲ್ಲ. ಅಲ್ಲಿಗೆ ನನ್ನ ಯಾರೂ ಕರೀತಾನೇ ಇರ್ಲಿಲ್ಲ. ಆದ್ರೆ ಹೋಟೆಲ್‌ನೋನಿಗೆ ಬಿಟ್ಟಿ ನುಡಿಸಿದ್ರೆ, ನಾಳೆ ಅವ್ನು ನನ್ ಹತ್ರ ಬಂದು 'ಅವ್ರು ಫ್ರೀಯಾಗಿ ಬಂದಿದ್ರು, ನೀನ್ಯಾಕೆ ಮೂರು ಸಾವ್ರ ಕೇಳ್ತೀಯ' ಅಂತಾನೆ. ನಿಮಗಾದ್ರೆ ಸಾರ್ ಅಂತಾನೆ, ನನಗೆ ನೀನು ಅಂತಾನೆ. ಅದನ್ನೂ ಗಮನಿಸ್ಕೊಳ್ಳಿ."

ಅದನ್ನು ನಾನು ಗಮನಿಸಿರಲಿಲ್ಲ. ನಮ್ಮ 'ಬಿಟ್ಟಿ'ಗೂ ಅವರ 'ಬಿಟ್ಟಿ'ಗೂ ಬೇರೆ ಬೇರೆ ಹೆಸರಿದೆ. ಸಂಬಳ ಇರುವವನು ಬಿಟ್ಟಿ ನುಡಿಸಿದರೆ ಅದು ದೊಡ್ಡ ಮನಸ್ಸು, ಪ್ಯಾಶನ್ನು. ಸಂಬಳ ಇಲ್ಲದವನು ಬಿಟ್ಟಿ ನುಡಿಸಿದರೆ ಅವನಿಗೆ ಗತಿಯಿಲ್ಲ ಅಂತ ಅರ್ಥ. ಇಬ್ಬರೂ ಅದೇ ಹಾಡನ್ನು ಅದೇ ಆಂಪಿನಲ್ಲಿ ನುಡಿಸಿರ್ತಾರೆ.

'ಬಿಟ್ಟಿ' ಅನ್ನುವ ಪದವನ್ನೇ ನೋಡಿ. ಅದು ಸಂಸ್ಕೃತದ 'ವಿಷ್ಟಿ'ಯಿಂದ ಬಂದದ್ದು. ಕೂಲಿ ಕೊಡದೆ ಬಲವಂತವಾಗಿ ದುಡಿಸಿಕೊಳ್ಳುವುದು ಅಂತ ಅದರ ಮೂಲ ಅರ್ಥ. ಹಳೇ ಶಾಸನಗಳಲ್ಲಿ ಬರುವ ಬಿಟ್ಟಿ ಅದೇ. ಇವತ್ತು ನಾವು "ಬಿಟ್ಟಿ ಸಿಕ್ತು" ಅಂತ ಹಲ್ಲು ಕಿರಿದು ಹೇಳ್ತೀವಿ. ದುಡಿದವನ ಕಡೆಯಿಂದ ನೋಡುತ್ತಿದ್ದ ಪದ ಯಾವತ್ತೋ ಪಡೆದುಕೊಂಡವನ ಕಡೆಗೆ ಜಿಗಿದುಬಿಟ್ಟಿದೆ.

ನಾನು ತುಮಕೂರು ಜಿಲ್ಲೆಯವನು. ನಮ್ಮೂರಲ್ಲಿ ಜಾತ್ರೆಗೆ, ಸಾವಿಗೆ ತಮಟೆ ಬಾರಿಸುವುದು ಒಂದು ಕೇರಿಯವರ ಪಾಲಿಗೆ ಬಂದ ಕೆಲಸವಾಗಿತ್ತು. ಕರೆದರೆ ಬರಬೇಕು, ಎಷ್ಟು ಅಂತ ಕೇಳುವಂತಿಲ್ಲ. ಊಟ ಹಾಕ್ತಾರೆ, ಸುಗ್ಗಿಯಲ್ಲಿ ಒಂದಷ್ಟು ಕಾಳು ಕೊಡ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಆ ಕೇರಿಯ ಹುಡುಗರು "ಇನ್ಮೇಲೆ ದುಡ್ಡು ಮಾತಾಡಿದ್ರೇ ಬರೋದು" ಅಂದರು. ನಮ್ಮ ಬೀದಿಯ ಎಷ್ಟೋ ಜನಕ್ಕೆ ಅದು ಸೊಕ್ಕು ಅಂತ ಕಂಡಿತು. "ದೇವರ ಕೆಲಸಕ್ಕೂ ರೇಟಾ?" ಅಂತ ಅರಳೀಕಟ್ಟೆಯಲ್ಲಿ ತಿಂಗಳುಗಟ್ಟಲೆ ಮಾತು ನಡೆಯಿತು. ಈಗ ನನಗೆ ಅನ್ನಿಸುತ್ತೆ, ಆ ಹುಡುಗರು ಕೇಳಿದ್ದು ಬರೀ ದುಡ್ಡಲ್ಲ. ಇದು ಕೆಲಸ, ಇದನ್ನು ಬೇಡ ಅನ್ನುವ ಹಕ್ಕು ನಮಗಿದೆ ಅಂತ ಹೇಳುವುದಕ್ಕೆ ಅವರ ಹತ್ತಿರ ಇದ್ದದ್ದು ರೇಟು ಅನ್ನುವ ಒಂದೇ ಮಾತು. "ಕಲೆಗೆ ಬೆಲೆ ಕಟ್ಟಬಾರದು" ಅಂತ ಯಾರಾದರೂ ಭಾವುಕರಾಗಿ ಹೇಳಿದಾಗಲೆಲ್ಲ ನನಗೆ ಆ ಅರಳೀಕಟ್ಟೆ ನೆನಪಾಗುತ್ತದೆ. ಹಾಗೆ ಹೇಳುವವರ ಊಟ ಆ ಕಲೆಯಿಂದ ಬರುತ್ತಿರುವುದಿಲ್ಲ.

ಹಾಗಂತ ನಮ್ಮೂರಿಗೆ ಹವ್ಯಾಸ ಗೊತ್ತೇ ಇಲ್ಲ ಅಂತಲ್ಲ. ನಮ್ಮ ಕಡೆ ಪೌರಾಣಿಕ ನಾಟಕದ ಹುಚ್ಚು ಇದೆಯಲ್ಲ, ಅದು ನೋಡಿದವರಿಗೇ ಗೊತ್ತು. 'ಕುರುಕ್ಷೇತ್ರ' ಆಡಬೇಕು ಅಂತ ಊರು ತೀರ್ಮಾನ ಮಾಡಿದರೆ ಮೊದಲು ಆಗುವುದು ಪಾತ್ರಗಳ ಹಂಚಿಕೆ, ಅದರ ಜೊತೆಗೇ ಪಾತ್ರಕ್ಕೆ ಇಷ್ಟು ಅಂತ ದುಡ್ಡಿನ ನಿಗದಿ. ಆಡುವವನಿಗೆ ದುಡ್ಡು ಕೊಡುವುದಲ್ಲ, ಆಡುವವನೇ ಕೊಡುವುದು! ದುರ್ಯೋಧನ, ಕೃಷ್ಣ ದುಬಾರಿ. ಚಿಕ್ಕ ಪಾತ್ರಗಳು ಅಗ್ಗ. ನಮ್ಮ ಚಿಕ್ಕಪ್ಪ ಒಂದು ವರ್ಷ ಕೊಬ್ಬರಿ ಮಾರಿದ ದುಡ್ಡಲ್ಲಿ ಭೀಮನಾದ. ಚಿಕ್ಕಮ್ಮ ಮೂರು ತಿಂಗಳು ಮಾತು ಬಿಟ್ಟಿದ್ದಳು. ಭೀಮನಿಗೆ ಅದರಿಂದ ಅನುಕೂಲವೇ ಆಯ್ತು, ಪ್ರಾಕ್ಟೀಸಿಗೆ ಟೈಮು ಸಿಕ್ಕಿತು.

ಆ ದುಡ್ಡೆಲ್ಲ ಎಲ್ಲಿಗೆ ಹೋಗುತ್ತದೆ ನೋಡಿ. ಹಾರ್ಮೋನಿಯಂ ಮೇಷ್ಟ್ರಿಗೆ. ಅವರು ತಿಂಗಳುಗಟ್ಟಲೆ ರಾತ್ರಿ ಹೊತ್ತು ಬಂದು, ಹೊಲ ಉತ್ತು ಸುಸ್ತಾದ ಗಂಟಲುಗಳಿಗೆ ರಾಗ ಕಲಿಸಬೇಕು. ದ್ರೌಪದಿ, ಕುಂತಿ ಪಾತ್ರಕ್ಕೆ ಹೊರಗಿನಿಂದ ಬರುವ ವೃತ್ತಿ ಕಲಾವಿದೆಯರಿಗೆ. ತಬಲದವರಿಗೆ, ಸೀನರಿಯವರಿಗೆ, ಡ್ರೆಸ್ಸು-ಮೇಕಪ್ಪಿನವರಿಗೆ. ನೋಡುವವರಿಗೆ ಮಾತ್ರ ಟಿಕೆಟ್ಟಿಲ್ಲ. ಅಂದರೆ ಹವ್ಯಾಸಿಯ ಜೇಬಿನಿಂದ ಹೊರಟ ದುಡ್ಡು ವೃತ್ತಿಯವರ ಮನೆ ಸೇರುತ್ತದೆ. ಗುಬ್ಬಿ ಕಂಪನಿ 1884ರಲ್ಲಿ ಶುರುವಾದದ್ದು ಇದೇ ಜಿಲ್ಲೆಯಲ್ಲಿ. ಅಂಥ ಕಂಪನಿ ನಾಟಕಗಳ ಕಾಲ ಮುಗಿದ ಮೇಲೂ ಆ ಮಟ್ಟುಗಳು ಇನ್ನೂ ಉಸಿರಾಡ್ತಿದ್ದರೆ ಅದರಲ್ಲಿ ಇಂಥ ಕೊಬ್ಬರಿ ದುಡ್ಡಿನ ಭೀಮರ ಪಾಲೂ ಇದೆ ಅಂತ ನನ್ನ ನಂಬಿಕೆ.

ಆ ರೆಸ್ಟೋಬಾರಿನಲ್ಲಿ ನಾವು ಮಾಡಲು ಹೊರಟಿದ್ದು ಇದರ ಉಲ್ಟಾ. ನಮ್ಮ ಖುಷಿಯ ಖರ್ಚನ್ನು ನಮ್ಮ ಜೇಬಿನಿಂದ ಕೊಡುತ್ತಿದ್ದೇವೆ ಅಂತ ನಾವು ಅಂದುಕೊಳ್ತೀವಿ. ಒಂದು ಪಾಲನ್ನು ಆಷಾಢದಲ್ಲಿ ಕೂತಿರುವ ಆ ಅಣ್ಣನೂ ಕೊಡ್ತಿರ್ತಾರೆ, ಅವರನ್ನು ಯಾರೂ ಕೇಳಿರಲ್ಲ. ಉಳಿತಾಯ ಆಗುವುದು ಬಾರಿನವರಿಗೆ. ಅಲ್ಲಿ ಒಂದು ದೊಡ್ಡ ಟೇಬಲ್ಲಿನ ಬಿಲ್ಲು ಒಬ್ಬ ವಾದಕನ ಪೇಮೆಂಟಿಗಿಂತ ಜಾಸ್ತಿ ಇರುತ್ತೆ. ಬಜೆಟ್ ಇಲ್ಲ ಅಂದವರು ಬಿಯರಿನವನಿಗೆ, ದೀಪದವನಿಗೆ, ಗೋಡೆಗೆ ಹಕ್ಕಿಯ ರೆಕ್ಕೆ ಬರೆದವನಿಗೆ ದುಡ್ಡು ಕೊಟ್ಟಿರ್ತಾರೆ ತಾನೆ?

ಇದನ್ನೆಲ್ಲ ಆಫೀಸಿನಲ್ಲಿ ಊಟದ ಹೊತ್ತಿಗೆ ಹೇಳಿದರೆ ಗೆಳೆಯರು ಒಂದು ಬಲವಾದ ಪಾಯಿಂಟು ಹಿಡೀತಾರೆ. "ಗುರೂ, ನೀನು ಓಪನ್ ಸೋರ್ಸಿಗೆ ಬಿಟ್ಟಿ ಕೋಡ್ ಬರೀತೀಯಲ್ಲ, ಅದರಿಂದ ಯಾವ ಎಂಜಿನಿಯರ್ ಹೊಟ್ಟೆ ಮೇಲೆ ಹೊಡೆದಂಗಾಯ್ತು?" ಇದಕ್ಕೆ ಉತ್ತರ ಹುಡುಕೋಕೆ ನನಗೆ ಸ್ವಲ್ಪ ದಿನ ಬೇಕಾಯ್ತು. 1991ರಲ್ಲಿ ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿ ಲಿನಕ್ಸನ್ನು ಹವ್ಯಾಸಕ್ಕೆ ಅಂತ ಬರೆಯಲು ಶುರು ಮಾಡಿದ, ಆಮೇಲೆ ಜಗತ್ತಿಗೆ ಬಿಟ್ಟಿಯಾಗೇ ಕೊಟ್ಟ. ಅದರಿಂದ ಕೆಲಸ ಹೋಗಲಿಲ್ಲ. ನಮ್ಮಂಥ ಎಷ್ಟೋ ಜನರ ಕೆಲಸ ಹುಟ್ಟಿದ್ದೇ ಅದರ ಮೇಲೆ. ಇವತ್ತು ಅದರ ಕೋಡ್ ಬರೆಯುವ ಬಹುಪಾಲು ಜನ ಯಾವುದೋ ಕಂಪನಿಯಿಂದ ಸಂಬಳ ತಗೊಳ್ಳುವವರೇ. ಹಾಗಾದರೆ ಸಂಗೀತಕ್ಕೆ ಮಾತ್ರ ಬೇರೆ ನ್ಯಾಯ ಯಾಕೆ?

ನನಗೆ ಹೊಳೆದದ್ದು ಇಷ್ಟು. ಕೋಡನ್ನು ಕಾಪಿ ಮಾಡಬಹುದು. ನಾನು ಕೊಟ್ಟದ್ದು ನಿಮ್ಮ ಹತ್ತಿರವೂ ಇರುತ್ತೆ, ನನ್ನ ಹತ್ತಿರವೂ ಇರುತ್ತೆ, ಮೂರನೆಯವನು ಅದರ ಮೇಲೆ ಇನ್ನೊಂದು ಮಹಡಿ ಕಟ್ಟಬಹುದು. ಶುಕ್ರವಾರದ ಎಂಟೂವರೆಯನ್ನು ಕಾಪಿ ಮಾಡೋಕಾಗಲ್ಲ. ಆ ಸ್ಟೇಜಿನಲ್ಲಿ ಬೇಸ್ ವಾದಕನಿಗೆ ಒಂದೇ ಜಾಗ. ಡ್ರಮ್ಸಿನ ಪಕ್ಕ, ಫ್ಯಾನಿನ ಗಾಳಿ ಬರದ ಕಡೆ. ಅಲ್ಲಿ ನಾನು ನಿಂತರೆ ಇನ್ನೊಬ್ಬ ನಿಲ್ಲೋಕಾಗಲ್ಲ. ಓಪನ್ ಸೋರ್ಸಿಗೆ ಸರಿಯಾದ ಹೋಲಿಕೆ ಬೇರೆಯೇ ಇದೆ. ನಾನು ಕಲಿತದ್ದನ್ನು ಇನ್ನೊಬ್ಬನಿಗೆ ಬಿಟ್ಟಿಯಾಗಿ ಹೇಳಿಕೊಟ್ಟರೆ, ಕಷ್ಟದ ಹಾಡಿನ ಬೇಸ್ ಬರೆದು ಎಲ್ಲರಿಗೂ ಹಂಚಿದರೆ, ಅದು ಓಪನ್ ಸೋರ್ಸು.

ಇನ್ನೊಂದು ವಿಷಯ ಹೇಳಬೇಕು. ನಮ್ಮಂಥ ವಾರಾಂತ್ಯದ ವಾದಕರು ಬೇಸನ್ನು ಆತ್ಮಸಂತೋಷದ ವಾದ್ಯ ಅಂತ ಪೂಜೆ ಮಾಡ್ತೀವಿ. ಆದರೆ ಆ ವಾದ್ಯ ಮಾರುಕಟ್ಟೆಗೆ ಬಂದದ್ದೇ ಪ್ರೋಗ್ರಾಂ ಮಾಡಿ ಬದುಕುವವರಿಗೆ ಅಂತ. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದಾಗ ಡ್ಯಾನ್ಸ್ ಬ್ಯಾಂಡುಗಳಲ್ಲಿ ಇದ್ದದ್ದು ಆಳೆತ್ತರದ ಡಬಲ್ ಬೇಸು. ಹೊತ್ತುಕೊಂಡು ಊರೂರು ತಿರುಗೋಕೆ ಕಷ್ಟ, ಡ್ರಮ್ಸು-ತುತ್ತೂರಿಗಳ ಮಧ್ಯೆ ಕೇಳಿಸೋದೂ ಕಷ್ಟ. ಅದಕ್ಕೆ ಹೆಗಲಿಗೆ ನೇತುಹಾಕಬಹುದಾದ, ಆಂಪಿಗೆ ಸಿಕ್ಕಿಸಬಹುದಾದ, ಸ್ವರ ತಪ್ಪದಂತೆ ಫ್ರೆಟ್ ಇರುವ ಒಂದು ಸಾಮಾನು. ಗಾರೆಯವನ ಕರಣೆ ಇದ್ದ ಹಾಗೆ.

ನಾವೆಲ್ಲ ಗುರು ಅಂತ ಕೈಮುಗಿಯುವ ಜೇಮ್ಸ್ ಜೇಮರ್ಸನ್ ಕೂಡ ಆ ಲೆಕ್ಕದಲ್ಲಿ ಒಬ್ಬ ಕೆಲಸಗಾರ. 1960ರ ದಶಕದಲ್ಲಿ ಡೆಟ್ರಾಯಿಟಿನ ಮೋಟೌನ್ ಕಂಪನಿಯ ಸ್ಟುಡಿಯೋದಲ್ಲಿ ಹಾಡಿನ ಮೇಲೆ ಹಾಡು ನುಡಿಸಿದ. ಬಲಗೈಯ ಒಂದೇ ಬೆರಳಲ್ಲಿ, ಬದಲಿಸದ ಹಳೇ ತಂತಿಗಳಲ್ಲಿ. ಹಾಡುಗಳು ಪ್ರಪಂಚ ಸುತ್ತಿದವು, ಆಲ್ಬಮ್ಮಿನ ಮೇಲೆ ಅವನ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಆಲ್ಬಮ್ ಬಂದಾಗ ಅಲ್ಲಿ ವಾದಕರ ಹೆಸರುಗಳು ಅಚ್ಚಾದವು. ಮರುವರ್ಷವೇ ಕಂಪನಿ ಲಾಸ್ ಏಂಜಲೀಸಿಗೆ ಹೊರಟುಹೋಯಿತು. ಇನ್ನು ನಮ್ಮ ಕಡೆಯದ್ದು ನೋಡಿ. 1981ರ 'ಗೀತಾ' ಚಿತ್ರದ ಇಳಯರಾಜಾ ಹಾಡುಗಳು ಗೊತ್ತಿಲ್ಲದ ಕನ್ನಡಿಗ ಇಲ್ಲ, ಅವುಗಳ ಬೇಸ್ ಇಲ್ಲದೆ ನಮ್ಮ ಬ್ಯಾಂಡಿನ ಎರಡನೇ ಸುತ್ತು ನಡೆಯಲ್ಲ. ಅದನ್ನು ನುಡಿಸಿದವರು ಯಾರು ಅಂತ ಶುಕ್ರವಾರ ಕುಣಿಯುವ ಒಬ್ಬನೂ ಕೇಳಿಲ್ಲ. ನಾನು ಖುಷಿಗೆ ನುಡಿಸುವ ಪ್ರತಿಯೊಂದು ಸಾಲೂ ಯಾರೋ ಹೊಟ್ಟೆಪಾಡಿಗೆ ನುಡಿಸಿ ಇಟ್ಟುಹೋದದ್ದು.

ಸಾಮಾನಿನ ವಿಷಯಕ್ಕೆ ಬಂದೆ ಅಂದಮೇಲೆ ಸಂಬಳದ ವಾದಕರ ಒಂದು ಗುಟ್ಟು ಹೇಳಿಬಿಡ್ತೀನಿ. ನಮ್ಮ ಹತ್ತಿರ ಇರುವ ಸಾಮಾನು ನಮ್ಮ ಕೈಗಿಂತ ಯಾವಾಗಲೂ ಒಂದು ಮೆಟ್ಟಿಲು ಮೇಲೆ. ಬೋನಸ್ ಬಂದ ತಿಂಗಳು ಪೆಡಲ್ ಬರುತ್ತೆ, ಅಪ್ರೈಸಲ್ ಆದ ತಿಂಗಳು ಬೇಸೇ ಬರುತ್ತೆ. ನನ್ನ ಹತ್ತಿರ ಮೂರು ಬೇಸ್ ಇವೆ, ಕೈ ಮಾತ್ರ ಎರಡೇ. ಆ ಅಣ್ಣನ ಹತ್ತಿರ ಇರುವುದು ಒಂದು. ಅದರ ಬಣ್ಣ ಮುಂಗೈ ಉಜ್ಜಿ ಉಜ್ಜಿ ಮರ ಕಾಣುವ ಮಟ್ಟಕ್ಕೆ ಬಂದಿದೆ. ಜ್ಯಾಕ್ ಸಡಿಲ ಆಗಿ ಕರಕರ ಅನ್ನುತ್ತೆ ಅಂತ ಕೇಬಲ್ಲನ್ನು ಬೆಲ್ಟಿಗೆ ಸುತ್ತಿ ಸಿಕ್ಕಿಸ್ತಾರೆ. ಅದೇ ಬೇಸನ್ನು ಅವರು ನುಡಿಸಿದರೆ ಹಾಲ್ ತುಂಬುತ್ತೆ. ನನ್ನ ಅಮೆರಿಕದ ಬೇಸನ್ನು ಅವರ ಕೈಗೆ ಕೊಟ್ಟಾಗ ಐದು ನಿಮಿಷ ನುಡಿಸಿ, ಬಟ್ಟೆಯಲ್ಲಿ ಒರೆಸಿ, ವಾಪಸ್ ಕೊಟ್ಟು "ಚೆನ್ನಾಗಿದೆ ಸಾರ್, ಹುಷಾರಾಗಿ ಇಟ್ಕೊಳ್ಳಿ" ಅಂದರು. ನುಡಿಸಿ ಅಂತ ಹೇಳಲಿಲ್ಲ, ಇಟ್ಕೊಳ್ಳಿ ಅಂದರು.

2020ರ ಮಾರ್ಚ್ ಆದ ಮೇಲೆ ಮುಚ್ಚಿದ ಸ್ಟೇಜುಗಳು ಬಹಳ ಕಾಲ ತೆರೆಯಲೇ ಇಲ್ಲ. ನಮಗೆ ವರ್ಕ್ ಫ್ರಮ್ ಹೋಮ್, ಒಂದನೇ ತಾರೀಕು ಸಂಬಳ. ಆರ್ಕೆಸ್ಟ್ರಾದವರಿಗೆ ಗಣೇಶನೂ ಇಲ್ಲ, ರಾಜ್ಯೋತ್ಸವವೂ ಇಲ್ಲ, ಮದುವೆಗೆ ಐವತ್ತು ಜನ. ಆಗ ಸೆಕೆಂಡ್‌ಹ್ಯಾಂಡ್ ಸಾಮಾನುಗಳು ಸಿಕ್ಕಾಪಟ್ಟೆ ಮಾರಾಟಕ್ಕೆ ಬಂದವು. ನಾನು ಒಂದು ಆಂಪ್ ಕೊಂಡೆ. ಮಾರಿದವರು ಕೀಬೋರ್ಡ್, ಆಂಪ್, ಸ್ಕೂಟರ್ ಮೂರನ್ನೂ ಒಂದೇ ವಾರದಲ್ಲಿ ಮಾರಿದವರು. ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟೆ. ಅವರು ಕೇಳಿದ್ದೇ ಅರ್ಧ ಬೆಲೆ. ನಾನು ಕೊಳ್ಳದೇ ಇದ್ದಿದ್ದರೆ ಅವರ ಮನೆಗೆ ಆ ದುಡ್ಡೂ ಹೋಗ್ತಿರಲಿಲ್ಲ. ಕೊಂಡದ್ದರಿಂದ ಒಬ್ಬರ ಕಷ್ಟದಲ್ಲಿ ನನಗೆ ಲಾಭ ಆಯಿತು. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸಲ್ಲ. ನನ್ನ ಹತ್ತಿರ ಇರುವುದರಲ್ಲಿ ಅತ್ಯಂತ ಒಳ್ಳೆಯ ಸದ್ದಿನ ಆಂಪ್ ಇವತ್ತಿಗೂ ಅದೇ.

ಈಗ ನನ್ನ ವಾದದ ತೂತುಗಳನ್ನೂ ನಾನೇ ತೋರಿಸಿಬಿಡಬೇಕು, ಇಲ್ಲದಿದ್ದರೆ ಡ್ರಮ್ಮರ್ ತೋರಿಸ್ತಾನೆ. ದೊಡ್ಡ ತೂತು ಇದು: ನಾನು ಪೂರ್ತಿ ರೇಟು ತಗೊಂಡು ನುಡಿಸಿದರೂ ಆ ಜಾಗದಲ್ಲಿ ನಿಂತಿರುವುದು ನಾನೇ ಅಲ್ವಾ? ಅಣ್ಣನಿಗೆ ಆ ರಾತ್ರಿ ಹೇಗೂ ಇಲ್ಲ. ಹಾಗಾದರೆ ಸಂಬಳ ಇರುವವನು ಸ್ಟೇಜನ್ನೇ ಹತ್ತಬಾರದಾ? ಇಲ್ಲಿ ನಾನು ಬೇರೆ ದಾರಿ ಹಿಡೀತೀನಿ. ಯಾವ ಜಾಗವೂ ಯಾರಿಗೂ ಹುಟ್ಟಿನಿಂದ ಮೀಸಲಲ್ಲ. ಹಾಗೆ ಮೀಸಲಿದ್ದ ಊರಿನಿಂದಲೇ ನಾನು ಬಂದವನು, ಆ ವ್ಯವಸ್ಥೆ ಹೇಗಿರುತ್ತೆ ಅಂತ ಗೊತ್ತು. ಅಡಿಕೆ-ತೆಂಗಿನ ಮನೆಯ ಹುಡುಗ ಬಿಇ ಮಾಡಿ ಸರ್ವರ್ ನೋಡಿಕೊಳ್ಳಬಹುದಾದರೆ ಸರ್ವರ್ ನೋಡಿಕೊಳ್ಳುವವನು ಬೇಸೂ ನುಡಿಸಬಹುದು. ಆದರೆ ಪೈಪೋಟಿಗೆ ಇಳಿದ ಮೇಲೆ ಕೈಯ ಮೇಲೆ ಇಳಿಯಬೇಕು, ಸಂಬಳದ ಮೇಲಲ್ಲ. ನಮ್ಮಿಬ್ಬರಿಗೂ ಒಂದೇ ರೇಟು ಅಂದಾಗ ಮ್ಯಾನೇಜರ್ ಯಾರು ಚೆನ್ನಾಗಿ ನುಡಿಸ್ತಾರೆ ಅಂತ ಕೇಳಬೇಕಾಗುತ್ತೆ. ನಾನು ಬಿಟ್ಟಿ ಅಂದರೆ ಆ ಪ್ರಶ್ನೆಯೇ ಬರಲ್ಲ.

ಇನ್ನೊಂದು ತೂತು ಕಾಲೇಜು ಹುಡುಗರದ್ದು. ಹತ್ತೊಂಬತ್ತು ವರ್ಷದ ಹುಡುಗಿ ಮೊದಲ ಸಲ ಸ್ಟೇಜ್ ಹತ್ತುವಾಗ ರೇಟು ಮಾತಾಡು ಅಂತ ನಾನು ಹೇಳಲಾರೆ. ಅವಳಿಗೆ ಕೊಡೋಕೆ ಸಂಬಳವೂ ಇಲ್ಲ, ಕಾಯೋಕೆ ವ್ಯವಧಾನವೂ ಇಲ್ಲ. ನನ್ನ ಮಾತೆಲ್ಲ ನಮ್ಮಂಥವರಿಗೆ, ಬೇಡ ಅನ್ನುವ ಶಕ್ತಿ ಇರುವವರಿಗೆ.

ಹಾಗಾಗಿ ನಾನು ಮಾಡುವುದು ಇಷ್ಟು. ಯಾರೋ ಒಬ್ಬರು ದುಡ್ಡು ಮಾಡುತ್ತಿರುವ ಜಾಗದಲ್ಲಿ ನುಡಿಸಿದರೆ ವೃತ್ತಿಯವರು ಕೇಳುವಷ್ಟೇ ಕೇಳ್ತೀನಿ, ನೂರು ರೂಪಾಯಿ ಕಡಿಮೆ ಇಲ್ಲ. ಗೆಳೆಯನ ಮದುವೆ, ಸರ್ಕಾರಿ ಶಾಲೆಯ ವಾರ್ಷಿಕೋತ್ಸವ, ಅಂಥ ಕಡೆ ದುಡ್ಡಿನ ಮಾತೇ ಎತ್ತಲ್ಲ. ಊರಲ್ಲಿ ರಾಗಿ ಕೊಯ್ಲಿಗೆ ಮುಯ್ಯಾಳು ಹೋಗ್ತಿದ್ದ ಹಾಗೆ, ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಮುಯ್ಯಿಗೆ ಕೂಲಿ ಇಲ್ಲ, ಆದರೆ ಲೆಕ್ಕ ಇದೆ, ಆ ಲೆಕ್ಕ ಇಬ್ಬರಿಗೂ ಗೊತ್ತಿರುತ್ತೆ. ಗಿಗ್ಗಿನಿಂದ ಬಂದ ದುಡ್ಡನ್ನು ಮನೆ ಖರ್ಚಿಗೆ ಮುಟ್ಟಲ್ಲ. ಅದು ಅಣ್ಣನ ಹತ್ತಿರ ತಿಂಗಳಿಗೆರಡು ಪಾಠಕ್ಕೆ, ರಿಪೇರಿಯವನಿಗೆ, ಜ್ಯಾಮ್ ರೂಮಿಗೆ ಹೋಗುತ್ತೆ. ಚಿಕ್ಕಪ್ಪನ ಕೊಬ್ಬರಿ ದುಡ್ಡು ಮೇಷ್ಟ್ರಿಗೆ ಹೋದ ಹಾಗೆ. ಅಣ್ಣ ಪಾಠಕ್ಕೆ ದುಡ್ಡು ಬೇಡ ಅಂತ ಎರಡು ಸಲ ಅಂದರು. ಮೂರನೇ ಸಲ ಎಣಿಸಿ ಜೇಬಿಗಿಟ್ಟುಕೊಂಡರು. ಅವತ್ತು ನನ್ನ ಎಡಗೈ ಹಿಡಿದದ್ದು ಸರಿಯಿಲ್ಲ ಅಂತ ಮೊದಲ ಸಲ ಗದರಿದರು ಕೂಡ.

ಆ ರೆಸ್ಟೋಬಾರಿಗೆ ನಾನು ಆಗಲ್ಲ ಅಂದೆ. ಉಳಿದ ನಾಲ್ವರು ಎಡಗೈ ಬೇಸಿನ ಕೀಬೋರ್ಡ್ ಇಟ್ಟುಕೊಂಡು ಆರು ಶುಕ್ರವಾರ ನುಡಿಸಿದರು. ಬ್ಯಾಂಡ್ ಒಡೆಯಲಿಲ್ಲ, ಬೇರೆ ಕಡೆ ಒಟ್ಟಿಗೇ ನುಡಿಸ್ತೀವಿ. ಏಳನೇ ಶುಕ್ರವಾರದಿಂದ ಅಲ್ಲಿ ಡಿಜೆ. ಸ್ಟೇಜ್ ಇದ್ದ ಕಡೆ ಈಗ ಎರಡು ಟೇಬಲ್ ಹಾಕಿದ್ದಾರೆ. ಡ್ರಮ್ಮರ್ ಅದನ್ನೇ ಹಿಡಿದು ಕೇಳ್ತಾನೆ: "ನಾವು ಬಿಟ್ಟಿ ನುಡಿಸಿದ್ದಕ್ಕೆ ಆರು ವಾರ ಆದ್ರೂ ಅಲ್ಲಿ ಲೈವ್ ಮ್ಯೂಸಿಕ್ ಇತ್ತು. ನಿನ್ನ ನ್ಯಾಯದಿಂದ ಅಣ್ಣನಿಗೆ ಏನು ಸಿಕ್ತು?" ನಾನು ಹೇಳ್ತೀನಿ, ಬಿಟ್ಟಿಗೆ ಅಭ್ಯಾಸ ಆದವರಿಗೆ ಲೈವ್ ಮ್ಯೂಸಿಕ್ ಬೆಲೆ ಎರಡು ಟೇಬಲ್ಲಿಗಿಂತ ಕಡಿಮೆ ಅಂತಲೇ ಕಾಣೋದು. ಅವನು ಒಪ್ಪಲ್ಲ. ಮಂಗಳವಾರ ಪ್ರಾಕ್ಟೀಸ್ ಮುಗಿಸಿ ಅವನ ಕಾರಿನಲ್ಲೇ ವಾಪಸ್ ಬರ್ತೀವಿ, ಹಿಂದಿನ ಸೀಟಲ್ಲಿ ಆ ಆಂಪ್. ಸಿಲ್ಕ್ ಬೋರ್ಡ್ ದಾಟುವವರೆಗೂ ಇದೇ ಮಾತು, ದಾಟಿದ ಮೇಲೆ ಮುಂದಿನ ಗಿಗ್ಗಿನ ಹಾಡುಗಳ ಪಟ್ಟಿ.